ಇನ್ನೊಬ್ಬಾಕೆಯ ತ್ರಿಪದಿ

ನನ್ನ ಗಂಡನ ಕಿವಿಯಲ್ಲಿ ಇನ್ನೊಬ್ಬ ಹೆಂಗಸಿನ ದನಿ ಇದೆಯೆಂದು ನನಗೆ ಮೊದಲು ತಿಳಿಸಿದ್ದು ಸೀದ ಚುರುಮುರಿಯ ವಾಸನೆ. ನಮ್ಮದು ಚುರುಮುರಿ ಭಟ್ಟಿ. ದೊಡ್ಡ ಕಡಾಯಿಯಲ್ಲಿ ಉಸುಕು ಕಾಯಿಸಿ, ಉಪ್ಪುನೀರಿನಲ್ಲಿ ನೆನೆಸಿ ಒಣಗಿಸಿದ ಅಕ್ಕಿಯನ್ನು ಅದಕ್ಕೆ ಚೆಲ್ಲಿ, ಅರಳಿದ ಕೂಡಲೇ ಜರಡಿಗೆ ತೆಗೆಯಬೇಕು. ಉಸಿರು ಎಳೆದು ಬಿಡುವಷ್ಟು ತಡವಾದರೂ ಕೆಟ್ಟಿತು. ನಮ್ಮ ಮನೆಯವರು ಜ್ವರ ಬಂದಾಗಲೂ ಒಂದು ಕಾಳು ಸೀಯಿಸಿದವರಲ್ಲ. ಅವತ್ತು ದೀಪ ಹಚ್ಚುವ ಹೊತ್ತಿಗೆ ಹೊಗೆಯ ವಾಸನೆ ಬಂದು ನಾನು ಹಿತ್ತಿಲಿಗೆ ಓಡಿದರೆ, ಅವರು ಜರಡಿಯ ಹಿಡಿ ಹಿಡಿದು ಹಾಗೆಯೇ ನಿಂತಿದ್ದರು. ತಲೆ ಎಡಕ್ಕೆ ವಾಲಿತ್ತು. ಕಡಾಯಿಯಲ್ಲಿ ಚುರುಮುರಿ ಕರಿ ಎಳ್ಳಿನ ಬಣ್ಣಕ್ಕೆ ತಿರುಗುತ್ತಿತ್ತು. ಅವರ ಮುಖದಲ್ಲಿ, ನನ್ನ ಜೊತೆ ಬಾಳಿದ ಇಷ್ಟು ದಿನಗಳಲ್ಲಿ ನಾನೊಮ್ಮೆಯೂ ಕಾಣದ ಒಂದು ಬೆಳಕಿತ್ತು.

ತಲೆ ಹಾಗೆ ವಾಲಿದರೆ ಕಿವಿಗೆ ಯಾರದೋ ಪದ ಬಿದ್ದಿತೆಂದು ನಮ್ಮೂರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಬರಿಬಾಯಲ್ಲಿ ಕೂಗಿದ ಹೆಸರು ಓಣಿಯ ತುದಿಯಲ್ಲೇ ನಿಲ್ಲುತ್ತದೆ. ಪ್ರಾಸ ಕೂಡಿಸಿ, ಗಣ ತಪ್ಪದಂತೆ ಪದ ಕಟ್ಟಿ, ಅದರೊಳಗೆ ಹೆಸರನ್ನಿಟ್ಟು ಹೇಳಿದರೆ ಅದು ಎಷ್ಟು ಊರು ದಾಟಿಯಾದರೂ ಆ ಹೆಸರಿನವರ ಕಿವಿಗೆ ಹೋಗಿ ಬೀಳುತ್ತದೆ, ಅವರ ಪಕ್ಕದಲ್ಲಿ ಕೂತವರಿಗೂ ಕೇಳುವುದಿಲ್ಲ. ಬಿದ್ದಿತೆಂದರೆ ಹೇಳಿದವರ ನಾಲಿಗೆಯ ತುದಿ ತಂಪಾಗುತ್ತದೆ. ಬೀಳದಿದ್ದರೆ ಗಂಟಲು ಒಣಗುತ್ತದೆ. ಒಂದು ಪದ ಒಂದೇ ಸಲ ನಡೆಯುತ್ತದೆ, ನಿನ್ನೆಯದು ಇವತ್ತಿಗೆ ಬರುವುದಿಲ್ಲ. ಹಾಗಾಗಿ ನಮ್ಮೂರಿನ ತಾಯಂದಿರು ಆಡಲು ಹೋದ ಮಕ್ಕಳನ್ನು ಕರೆಯಲು ಒಲೆಯ ಮುಂದೆ ಕೂತು ಎರಡೆರಡು ಸಾಲು ಹೊಸೆಯುತ್ತಾರೆ. ಚಾವಡಿಯವರು ಷಟ್ಪದಿಯಲ್ಲಿ ಕರೆ ಕಳಿಸುತ್ತಾರೆ, ಆರು ಸಾಲು ಬಿದ್ದ ಮೇಲೆ ಕೇಳಲಿಲ್ಲವೆಂದು ಯಾರೂ ಸುಳ್ಳು ಹೇಳುವಂತಿಲ್ಲ. ಸೋದರತ್ತೆಯರು ಹಬ್ಬಕ್ಕೆ ಕರೆಯುವ ನೆಪದಲ್ಲಿ ರಗಳೆ ಶುರು ಮಾಡಿದರೆ ಊಟ ಆರಿ ತಣ್ಣಗಾದರೂ ಮುಗಿಯುವುದಿಲ್ಲ. ಗಂಡನಿಗೆ ಮಾತ್ರ ತ್ರಿಪದಿ. ಹೆಂಡತಿಯಾದವಳು ಗಂಡನ ಹೆಸರನ್ನು ತ್ರಿಪದಿಯೊಳಗೆ ಬಿಟ್ಟರೆ ಬೇರೆಲ್ಲೂ ಎತ್ತುವಂತಿಲ್ಲ. ಆದ್ದರಿಂದ ನಾನೂ ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮುಂದೆ ಪದದಲ್ಲಿ ಬರುತ್ತದೆ, ನೀವೇ ತಿಳಿದುಕೊಳ್ಳಿ.

ನನ್ನ ಹೆಸರು ದುಂಡವ್ವ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮೊದಲು ಹುಡುಗ ಹುಡುಗಿಯ ಹೆಸರಿನ ಎರಡನೆಯ ಅಕ್ಷರ ಕೂಡುತ್ತದೆಯೇ ಎಂದು ನೋಡುತ್ತಾರೆ. ನಮ್ಮದು ಕೂಡಿರಲಿಲ್ಲ. ಅವರು ಹಟ ಹಿಡಿದು ನನ್ನನ್ನು ಮಾಡಿಕೊಂಡರು. ಅತ್ತೆ ಸಾಯುವ ತನಕವೂ, "ಪ್ರಾಸ ಕೂಡದ ಸೊಸಿ, ಉಪ್ಪಿಲ್ಲದ ಸಾರು," ಎನ್ನುತ್ತಲೇ ಇದ್ದರು. ಅದು ಸುಳ್ಳೇನಲ್ಲ. ನನಗೆ ಪದ ಕಟ್ಟಲು ಬರುವುದಿಲ್ಲ. ಉಳಿದ ಹೆಂಗಸರಿಗೆ ಚಂದ್ರ ಬೆಣ್ಣೆಯಂತೆ, ಬೆಣ್ಣೆ ಮಗುವಿನ ಕೆನ್ನೆಯಂತೆ ಕಾಣುತ್ತದಂತೆ. ನನಗೆ ಚಂದ್ರ ಚಂದ್ರನಂತೆ, ಬೆಣ್ಣೆ ಬೆಣ್ಣೆಯಂತೆ. ಅವರು ಸಂತೆಗೆ ಹೋಗಿ ತಡಮಾಡಿದ ದಿನ ನಾನು ಒಂದು ಪುಟ್ಟಿ ಚುರುಮುರಿ ಕೊಟ್ಟು ಪದದ ಸಾವಂತ್ರವ್ವನ ಹತ್ತಿರ ಒಂದು ತ್ರಿಪದಿ ಕಟ್ಟಿಸಿಕೊಂಡು ಬರುತ್ತಿದ್ದೆ. ಅವಳು ಹೇಳಿಕೊಟ್ಟಂತೆ ಒಪ್ಪಿಸುತ್ತಿದ್ದೆ. ಬೀಳುತ್ತಿತ್ತು. ಆದರೆ ನನ್ನ ಪದ ಬಿದ್ದಾಗ ಅವರ ಮುಖ ಹೇಗಿರುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು? ನಾನು ಮನೆಯಲ್ಲಿ, ಅವರು ಸಂತೆಯಲ್ಲಿ.

ಮರುದಿನವೂ ಅದೇ ಹೊತ್ತಿಗೆ ಅವರ ತಲೆ ವಾಲಿತು. ಅದರ ಮರುದಿನವೂ. ಎಂದಿನಿಂದ ಹೀಗೆ ಎಂದು ಕೂತು ಯೋಚಿಸಿದೆ. ಸುಗ್ಗಿ ಮುಗಿದಾಗಿನಿಂದ ಅವರು ಸಂಜೆಯ ಹೊತ್ತು ಹಿತ್ತಿಲಲ್ಲಿ ಒಬ್ಬರೇ ಇರಲು ಏನಾದರೊಂದು ಕೆಲಸ ಹುಡುಕುತ್ತಿದ್ದುದು ನೆನಪಿಗೆ ಬಂತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹಿತ್ತಿಲಿಗೆ ಬಂದು ತಾಮ್ರದ ಕೊಡವನ್ನು ಬೂದಿ ಹಚ್ಚಿ ಧಡಧಡ ತಿಕ್ಕತೊಡಗಿದೆ. ಆ ಸದ್ದಿನಲ್ಲೂ ಅವರ ತಲೆ ವಾಲಿತು. "ಕಿವಿಗಿ ಗಾಳಿ ಹೊಕ್ಕಿರಬೇಕು," ಎಂದು ಬೆಚ್ಚಗಿನ ಎಣ್ಣೆ ಬಿಟ್ಟು ಎರಡೂ ಕಿವಿಗೆ ಗಟ್ಟಿಯಾಗಿ ಅರಳೆ ತುರುಕಿದೆ. ಅವರು ಪಾಪ, ಸುಮ್ಮನೆ ತುರುಕಿಸಿಕೊಂಡರು. ಸೂರ್ಯ ಮುಳುಗಿದ. ಅರಳೆ ತುರುಕಿದ ಕಿವಿಯ ಕಡೆಗೇ ತಲೆ ವಾಲಿತು, ತುಟಿ ಬಿರಿಯಿತು. ನನಗೆ ಆ ಅರಳೆಗೆ ಬೆಂಕಿ ಇಡಬೇಕೆನಿಸಿತು.

ಅವತ್ತು ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟೆ. "ಯಾರ್ರೀ ಆಕಿ?"

"ಯಾವಾಕಿ?"

"ದಿನಾ ದೀಪ ಹಚ್ಚೂ ಹೊತ್ತಿಗಿ ನಿಮ್ಮ ಕಿವ್ಯಾಗ ಬಂದು ಕುಂದರಾಕಿ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನನಗ ಬಂದದ್ದಲ್ಲ ಅದು."

"ನಿಮ್ಮ ಕಿವಿಗಿ ಬಿದ್ದದ್ದು ನಿಮಗಲ್ಲದ ಓಣ್ಯಾನ ನಾಯಿಗಿ ಬಂತೇನು?"

"ಕೇಳಬ್ಯಾಡ ಬಿಡು. ನಾ ಬಾಯಿ ಬಿಟ್ರ ಒಬ್ಬರ ಮನಿ ಹಾಳಾಗತೈತಿ."

"ನಂದು ಹಾಳಾಗೂದು ಕಾಣವಲ್ದೇನು ನಿಮಗ?"

ಅವರು ಕೈ ತೊಳೆದು ಎದ್ದರು. ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಗುಟ್ಟನ್ನು ಬಾಯಿ ಹಿಡಿದಿಟ್ಟರೂ ಗಂಟಲು ಹಿಡಿದಿಡುವುದಿಲ್ಲ. ಒಂದು ಬೆಳಿಗ್ಗೆ ಅಕ್ಕಿ ಹರಡುತ್ತಿದ್ದಾಗ ಅವರಿಗೇ ಅರಿವಿಲ್ಲದೆ ಗುನುಗತೊಡಗಿದರು. ನಾನು ಬಾಗಿಲ ಮರೆಯಲ್ಲಿ ಉಸಿರು ಹಿಡಿದು ನಿಂತು ಕೇಳಿದೆ.

"ಕೋಲ ಹಾಕ್ಯಾನಂಬಿಗ ಮ್ಯಾಲಿನ ದಂಡೀಗಿ
ಸಾಲು ಬಳಿ ಹೊತ್ತು ಬಾರಯ್ಯ | ನೀಲಪ್ಪ
ಬಾಲಿ ಕೈ ಬರಿದು ಆಗ್ಯಾವ."

ಕೆಟ್ಟ ಪದವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇದರಲ್ಲೊಂದು ಕುಂದಾದರೂ ಸಿಗಲೆಂದು ನೇರ ಸಾವಂತ್ರವ್ವನ ಮನೆಗೆ ಹೋಗಿ ಒಪ್ಪಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಬಾಯಲ್ಲಿದ್ದ ಎಲೆಅಡಿಕೆಯನ್ನು ಜಗಿಯುವುದನ್ನೂ ಮರೆತಳು. "ಅಂಬಿಗ ಬಂದಾನ, ಆದ್ರ ನೀ ಬರಲಿಲ್ಲ ಅಂತ ಎಲ್ಲೂ ಹೇಳಿಲ್ಲ ನೋಡು. ಹೇಳದನ ತಿಳಸ್ಯಾಳ. ಇಂಥಾದ್ದು ನನ್ನ ಕೈಲಿ ಆಗೂದಿಲ್ಲವ್ವಾ. ಯಾರದಿದು?" ಎಂದಳು. ಯಾರದೆಂದು ತಿಳಿದಿದ್ದರೆ ನಾನೇಕೆ ಇವಳ ಮನೆಗೆ ಬರುತ್ತಿದ್ದೆ? ಅಂಬಿಗ, ಮೇಲಿನ ದಂಡೆ, ಬಳೆ. ನಮ್ಮ ಹೊಳೆಗೆ ದೋಣಿ ಹಾಕುವ ಕಡವು ಒಂದೇ. ಮರುದಿನ ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಹೊಳೆಯ ದಾರಿ ಹಿಡಿದೆ.

ಅಂಬಿಗನನ್ನು ಹೆಚ್ಚು ಕೇಳಬೇಕಾಗಲಿಲ್ಲ. "ಮ್ಯಾಲಿನ ದಂಡ್ಯಾಗ ಬಳಗಾರ ಓಣಿ ಐತಿ. ಅಲ್ಲೊಬ್ಬಾಕಿ ದಿನಾ ಸಂಜಿಗಿ ಕಡವಿನ ಮೆಟ್ಟಲ ಮ್ಯಾಲ ಕುಂತು ಪದಾ ಹೇಳತಾಳ. ಲೀಲವ್ವ ಅಂತ," ಎಂದ.

ಲೀಲವ್ವ. ಅವರ ಹೆಸರಿಗೆ ಇವಳ ಹೆಸರು ಹೇಳಿ ಮಾಡಿಸಿದಂತೆ ಪ್ರಾಸ ಕೂಡುತ್ತದೆ. ದೋಣಿಯಲ್ಲಿ ಕೂತು ದಂಡೆ ಮುಟ್ಟುವ ತನಕ ಆ ಎರಡು ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತ ಸುಟ್ಟುಕೊಂಡೆ. ಅತ್ತೆ ಬದುಕಿದ್ದರೆ ಇವಳನ್ನೇ ಸೊಸೆ ಮಾಡಿಕೊಳ್ಳುತ್ತಿದ್ದರು.

ನಾನು ಹೋದಾಗ ಅವಳು ಅಂಗಳದಲ್ಲಿ ಕೂತು ಬಳೆಯ ಗೊಂಚಲುಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ನಾನೇನೋ ರೂಪವತಿಯನ್ನು ಕಾಣಲು ಎದೆ ಗಟ್ಟಿ ಮಾಡಿಕೊಂಡಿದ್ದೆ. ನನ್ನಷ್ಟೇ ವಯಸ್ಸು, ನನಗಿಂತ ಕಪ್ಪು, ಮುಂದಿನ ಹಲ್ಲು ಒಂದರ ಮೇಲೊಂದು ಏರಿತ್ತು. ಹಣೆಯಲ್ಲಿ ದುಡ್ಡಿನಗಲದ ಕುಂಕುಮ. "ಬಾ ಯವ್ವಾ, ಯಾವ ಬಣ್ಣ ಇಡಸ್ಕೋತಿ?" ಎಂದಳು. ಅವಳ ದನಿಯೂ ಸಾಧಾರಣದ್ದೇ, ಸ್ವಲ್ಪ ಒಡಕು.

"ಬಳಿ ಇಡಸ್ಕೊಳ್ಳಾಕ ಬಂದಿಲ್ಲ. ಸಾಲು ಬಳಿ ಹೊತ್ತು ಬಾ ಅಂತ ನೀ ದಿನಾ ಸಂಜಿಗಿ ಕರಿತಿಯಲ್ಲ, ಅವರ ಹೆಂಡತಿ ನಾನು, ದುಂಡವ್ವ."

ಅವಳ ಕೈಯಲ್ಲಿದ್ದ ದಾರ ಜಾರಿತು. ಬಳೆಗಳು ಅಂಗಳದ ತುಂಬ ಉರುಳಿದವು. ಅವಳು ನಿಧಾನವಾಗಿ ಎದ್ದು ನಿಂತಳು. ಅವಳ ಕಣ್ಣಿನಲ್ಲಿ ನಾನು ನಾಚಿಕೆ ಹುಡುಕುತ್ತಿದ್ದೆ. ಕಂಡದ್ದು ನನ್ನ ಕಣ್ಣಿನಲ್ಲಿದ್ದ ಉರಿಯೇ.

"ನೀನೇನು ಅದು? ಬಂದೇನು ಕಡೀಗೆ?" ಎಂದಳು. "ನನಗ ಗೊತ್ತಿತ್ತು. ಪದಾ ಬೀಳತಾವ, ನಾಲಗಿ ತಂಪಾಗತೈತಿ, ಆದ್ರ ಅವರು ಮನಿಗಿ ಬರವಲ್ರು. ಅಂದ ಮ್ಯಾಲ ಯಾವಾಕಿನೋ ಹಿಡಕೊಂಡಾಳ ಅಂತ ದಿನಾ ನಿನ್ನ ಬೈಕೋತ ಉಂಡೀನಿ. ಒಂದ ಮುಂಜಾನೆ ಬಳಿ ಹೊರಿ ಹೊತ್ತು ಹೋದವರನ್ನ ಹೆಂಗ ಕಟ್ಟಿ ಹಾಕಿದಿ? ಏನು ಹಾಕಿ ಉಣಿಸಿದಿ?"

"ನಾ ಯಾಕ ಕಟ್ಟಿ ಹಾಕ್ಲಿ? ಕೈ ಹಿಡದ ಗಂಡ ನನಗ!"

"ನನಗೂ ಕೈ ಹಿಡದ ಗಂಡನ! ಇಡೀ ಓಣಿ ಅಕ್ಕಿಕಾಳು ಹಾಕೈತಿ."

ಇಬ್ಬರೂ ಅವರ ಹೆಸರೆತ್ತುವಂತಿರಲಿಲ್ಲ. 'ಅವರು, ಅವರು' ಎನ್ನುತ್ತಲೇ ಎಷ್ಟೋ ಹೊತ್ತು ಕಿತ್ತಾಡಿದೆವು. ಓಣಿಯ ಹೆಂಗಸರು ತಂತಮ್ಮ ಬಾಗಿಲಿಗೆ ಬಂದು ನಿಂತರು. ಎಂದಿನಿಂದ ಇಟ್ಟುಕೊಂಡಿದ್ದೀ ಎಂದು ಅವಳು, ಎಲ್ಲಿ ಗಂಟು ಬಿದ್ದೆ ಎಂದು ನಾನು. ಕೊನೆಗೆ ಅವಳು ಅಳುತ್ತ, "ಬಳಿ ಹೊರೂದರ ಬಿಡಿಸಿಲ್ಲಲ್ಲ ನೀ? ಅವರಿಗಿ ಅದೊಂದ ಕಸಬು ಗೊತ್ತು," ಎಂದಳು.

"ಬಳಿ ಎಲ್ಲಿಂದ ಹೊತ್ತಾರು? ನಮ್ಮದು ಚುರುಮುರಿ ಭಟ್ಟಿ. ಅಪ್ಪನ ಕಾಲದ್ದು. ಹುಟ್ಟಿದಾಗಿಂದ ಆ ಕಡಾಯಿ ಬಿಟ್ಟು ಎಲ್ಲೂ ಹೋದವರಲ್ಲ."

ಅವಳು ಅಳು ನಿಲ್ಲಿಸಿದಳು. "ಎಡಗೈ ಕಿರಿಬೆಳ್ಳು?"

"ಕಿರಿಬೆಳ್ಳಿಗೇನಾಗೈತಿ? ಹತ್ತೂ ಬೆಳ್ಳು ನೆಟ್ಟಗದಾವ."

"ನಮ್ಮವರಿಗಿ ಎಡಗೈ ಕಿರಿಬೆಳ್ಳಿಲ್ಲ," ಎಂದಳು ಲೀಲವ್ವ. ಮೆಲ್ಲಗೆ ಹೇಳಿದಳು, ಆದರೂ ಬಾಗಿಲಲ್ಲಿ ನಿಂತವರಿಗೂ ಕೇಳಿಸಿತು.

ಹಿರಿಯರು ಒಂದು ಮಾತು ಹೇಳುತ್ತಿದ್ದರು. ಒಂದೇ ಹೆಸರಿನವರು ಊರಿಗೆ ಹತ್ತು ಜನ ಇದ್ದರೂ ಪದ ತಪ್ಪುವುದಿಲ್ಲ, ಯಾರನ್ನು ನೆನೆದು ಕಟ್ಟಿದ್ದೋ ಅವರನ್ನೇ ಹುಡುಕಿಕೊಂಡು ಹೋಗುತ್ತದೆ. ಅವರು ಈ ಭೂಮಿಯ ಮೇಲೆ ಇಲ್ಲವೆಂದಾಗ ಮಾತ್ರ ಅದು ಅಲೆದಲೆದು, ಅದೇ ಹೆಸರಿನ ಇನ್ನೊಂದು ಕಿವಿಯಲ್ಲಿ ಇಳಿದುಕೊಳ್ಳುತ್ತದೆ. ನಾನೂ ಕೇಳಿದ್ದೆ. ಹೊಟ್ಟೆಕಿಚ್ಚಿಗೆ ನೆನಪು ಕಡಿಮೆ. 'ನನಗೆ ಬಂದದ್ದಲ್ಲ ಅದು' ಎಂದು ನಮ್ಮವರು ಹೇಳಿದ್ದು, 'ಬಾಯಿ ಬಿಟ್ಟರೆ ಒಬ್ಬರ ಮನೆ ಹಾಳಾಗುತ್ತದೆ' ಎಂದದ್ದು, ಎಲ್ಲ ಆ ಅಂಗಳದಲ್ಲಿ ನಿಂತಾಗ ತಿಳಿಯಿತು. ನನಗೆ ತಿಳಿದ ಹೊತ್ತಿಗೇ ಅವಳಿಗೂ ತಿಳಿಯಿತು. ಬಾಗಿಲಲ್ಲಿ ನಿಂತಿದ್ದ ಹೆಂಗಸರಿಗೂ ತಿಳಿದಿರಬೇಕು, ಒಬ್ಬೊಬ್ಬರೇ ತಲೆ ತಗ್ಗಿಸಿ ಒಳಗೆ ಹೋದರು.

ಲೀಲವ್ವ ಕೂತಳು. ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಉರುಳಿದ ಬಳೆಗಳನ್ನು ಒಂದೊಂದಾಗಿ ಆರಿಸಿ ಉಡಿಗೆ ಹಾಕಿಕೊಳ್ಳತೊಡಗಿದಳು. ನಾನೂ ಕೂತು ಆರಿಸಿದೆ. ಕೊನೆಯ ಬಳೆ ಉಡಿಗೆ ಬಿದ್ದ ಮೇಲೆ ಅವಳು ಹೇಳಿದಳು: "ಹಂಗಾರ ಅವರು ನನ್ನ ಬಿಟ್ಟು ಹೋಗಿದ್ದಿಲ್ಲ." ಆಮೇಲೆ ಅದನ್ನೇ ಇನ್ನೊಮ್ಮೆ ಹೇಳಿದಳು. ಆಗ ಅಳು ಬಂತು. ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟೆ. ಅದು ನನ್ನ ಕೈ ಎಂದು ನನಗೇ ನಂಬಿಕೆಯಾಗಲಿಲ್ಲ. ಬೆಳಿಗ್ಗೆ ಇದೇ ಬೆನ್ನನ್ನು ಗುದ್ದುವ ಆಸೆಯಿಂದ ಹೊಳೆ ದಾಟಿದ್ದೆ.

ಅವಳು ಮುಖ ಒರೆಸಿಕೊಂಡು ಕೇಳಿದ್ದು ಒಂದೇ ಮಾತು. "ನನ್ನ ಪದಾ ಬಿದ್ದಾಗ ನಿಮ್ಮವರು ಹೆಂಗ ಇರತಿದ್ರು?"

ಇದಕ್ಕೆ ನಾನು ಸುಳ್ಳು ಹೇಳಬಹುದಿತ್ತು. ಕಿವಿ ಕೆರೆದುಕೊಳ್ಳುತ್ತಿದ್ದರು, ಬೇಸರಪಡುತ್ತಿದ್ದರು ಎನ್ನಬಹುದಿತ್ತು. ನನ್ನ ಗಂಡನ ಮುಖದಲ್ಲಿ ಬೇರೆಯವಳ ಪದ ತಂದ ಬೆಳಕನ್ನು ಅವಳಿಗೇ ಎತ್ತಿಕೊಡಲು ನನ್ನ ಮನಸ್ಸು ಒಪ್ಪುತ್ತಿರಲಿಲ್ಲ. ಆದರೆ ಅವಳಿಗೆ ಉಳಿದದ್ದು ಅಷ್ಟೇ. ಆ ಪದಗಳು ಹೋಗಿ ಬಿದ್ದ ಜಾಗವನ್ನು ಕಣ್ಣಾರೆ ಕಂಡವಳು ಈ ಲೋಕದಲ್ಲಿ ನಾನೊಬ್ಬಳೇ ಇದ್ದೆ. "ಬಿಸಿಲಾಗ ದಣದು ನಿಂತ ಎತ್ತಿನ ಮ್ಯಾಲ ಯಾರೋ ತಣ್ಣೀರು ಹೊಯ್ದಂಗ ಆಗತಿತ್ತು ಮಾರಿ," ಎಂದೆ. ಅವಳು ಇನ್ನೂ ಬೇಕೆನ್ನುವಂತೆ ನೋಡಿದಳು. "ಮದಲ ತುತ್ತಿಗಿ ಸಿಹಿ ತಿಂದ ಕೂಸಿನಂಗ ಕಣ್ಣು ಮುಚ್ಚತಿದ್ರು. ಭಟ್ಟ್ಯಾಗ ಅಕ್ಕಿ ಅರಳೂಕಿಂತ ಮದಲ ಒಂದು ಗಳಿಗಿ ಸುಮ್ಮನ ಇರತೈತಿ ನೋಡು, ಎಲ್ಲಾ ತನ್ನೊಳಗ ಇಟಕೊಂಡು? ಹಂಗ ನಿಂತಿರತಿದ್ರು." ಹೇಳಿ ಮುಗಿಸಿದ ಮೇಲೆ ನನಗೆ ಅಚ್ಚರಿಯಾಯಿತು. ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಒಂದನ್ನು ಇನ್ನೊಂದರ 'ಹಂಗ' ಎನ್ನುವ ಮಾತು ಬಂದಿರಲಿಲ್ಲ.

ಅವಳು ಅದನ್ನೆಲ್ಲ ಕೇಳಿಸಿಕೊಂಡು ಹೊಳೆಯ ಕಡೆ ನೋಡುತ್ತ ಕೂತಳು. "ನಮ್ಮವರೂ ಹಂಗ ನಿಲ್ಲತಿದ್ರು," ಎಂದಳು. ನಂತರ ನನ್ನ ಕಡೆ ತಿರುಗಿದಳು. "ಅಕ್ಕಾ, ಇನ್ನೊಂದು ಪದಾ ಉಳದೈತಿ. ಮುಗತಾಯದ್ದು. ಅದನ್ನ ಹೇಳಿದ ಮ್ಯಾಲನ ಕುಂಕುಮ ತಗೀಬೇಕು, ಆಮ್ಯಾಲ ಹೆಸರು ಎತ್ತೂಹಂಗಿಲ್ಲ. ಹೇಳಿದ್ರ ಅದು ನಿಮ್ಮವರ ಕಿವಿಗೆ ಬೀಳತೈತಿ. ನೀ ಬ್ಯಾಡ ಅಂದ್ರ ಹೇಳೂದಿಲ್ಲ. ಹಂಗ ತಗೀತೀನಿ."

ನೋಡಿ, ಬೇಡವೆನ್ನಲು ನನಗೆ ಆಸೆಯಿತ್ತು. ಇಷ್ಟೆಲ್ಲ ಆದ ಮೇಲೂ ಇತ್ತು. ಇದುವರೆಗಿನವು ಬರಿಯ ಕರೆಯುವ ಪದಗಳು. ಅವಕ್ಕೇ ಅವರು ಹಾಗೆ ಮರುಳಾಗಿದ್ದರು. ಇದು ಕೊನೆಯದು, ಅವಳ ಬಾಳಿನ ಸಾರವೆಲ್ಲ ಇಳಿದು ಬರುವಂಥದ್ದು. ಇದೊಂದು ಬಿದ್ದರೆ ಅವರ ಕಿವಿಯಲ್ಲಿ ಇನ್ನು ನನಗೆಲ್ಲಿಯ ಜಾಗ? ನಾನು ಕಡವಿನ ತನಕ ನಡೆದೆ. ಅವಳು ಹಿಂದೆಯೇ ಬಂದಳು, ಒತ್ತಾಯ ಮಾಡಲಿಲ್ಲ. ದೋಣಿಯಲ್ಲಿ ಒಂದು ಕಾಲಿಟ್ಟ ಮೇಲೆ ತಿರುಗಿ ನೋಡದೆಯೇ ಹೇಳಿದೆ: "ಹೇಳವ್ವಾ. ಸಂಜಿಗಿ ಹೇಳು. ನಾ ಅವರ ಬಾಜೂಕ ಕುಂತಿರತೀನಿ."

ಮನೆಗೆ ಬಂದು ಅವರ ಮುಂದೆ ನಿಂತೆ. "ಹೊಳಿ ದಾಟಿ ಹೋಗಿದ್ದೆ. ಆಕಿಗಿ ಹೇಳಿಬಂದೆ."

ಅವರ ಮುಖ ಬಿಳಿಚಿತು. "ಬಾಯಿ ಕಾಯಬಾರದಿತ್ತೇನ ದುಂಡಿ? ಆಕಿ ಹಣಿಮ್ಯಾಗಿನ ಕುಂಕುಮ ಉಳೀಲಿ ಅಂತ ನಾ ಇಷ್ಟು ದಿನಾ ಸುಮ್ಮನಿದ್ದೆ."

"ಕುಂಕುಮ ಹಚಗೊಂಡು ದಿನಾ ಗಂಡನ್ನ ನೆನಸಿ ಉರಕೋತ ಕುಂತಿದ್ಳು ಆಕಿ. ಯಾವಾಕಿದೋ ಸೆರಗು ಹಿಡದಾನ ಅಂತ. ನಿಮಗ ಕೇಳಿದ್ದು ಪದಾ ಅಷ್ಟ. ಪದಾ ಮುಗದ ಮ್ಯಾಲ ಆಕಿ ಏನಂತಿದ್ಳು ನಿಮಗ ಕೇಳಿತ್ತೇನು?"

ಅವರು ಕಡಾಯಿಯ ಉರಿ ತಗ್ಗಿಸಿ ಬಂದು ಕಟ್ಟೆಯ ಮೇಲೆ ಕೂತರು. "ಸುಮ್ಮನಿದ್ದದ್ದು ಬರೇ ಆಕಿ ಸಲುವಾಗಿ ಅಲ್ಲ," ಎಂದರು ನೆಲ ನೋಡುತ್ತ. "ಕೇಳಬೇಕು ಅನಸತಿತ್ತು." ನನಗೆ ಗೊತ್ತಿದ್ದದ್ದೇ. ಆದರೂ ಅವರ ಬಾಯಿಂದ ಕೇಳಿದಾಗ ಚುರ್ ಎಂದಿತು. ಪಕ್ಕದಲ್ಲಿ ಕೂತೆ. ಮುಖ ಮಾತ್ರ ಬೇರೆ ಕಡೆ ತಿರುಗಿಸಿದ್ದೆ.

ಸೂರ್ಯ ಇಳಿದ. ಅವರ ತಲೆ ಎಡಕ್ಕೆ ವಾಲಿತು. ಈ ಸಲ ತುಟಿ ಬಿರಿಯಲಿಲ್ಲ. ಕಣ್ಣು ತುಂಬಿ ನೀರು ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಳ್ಳದೆ ಎರಡೂ ಕೈ ಜೋಡಿಸಿ ಹೊಳೆಯ ದಿಕ್ಕಿಗೆ ಮುಗಿದರು. ಏನು ಹೇಳಿದಳು ಎಂದು ಕೇಳಲು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮುಗಿಯಿತು, ಇನ್ನು ಎದ್ದು ದೀಪ ಹಚ್ಚೋಣ ಎಂದು ಕಟ್ಟೆಗೆ ಕೈಯೂರಿದೆ. ಆಗ ನನ್ನ ಎಡಗಿವಿಯಲ್ಲಿ ಬೆಚ್ಚಗಾಯಿತು.

"ಉಂಡ ಎಲಿ ನಾ ಎತ್ತಿ ಹೊಂಟೇನಿ ಅಂಗಳಕ
ಕೆಂಡ ಆರೀತ ಒಲಿಯಾಗ | ದುಂಡವ್ವ
ಗಂಡನ ಕಿವಿಯ ತಿರಗಿ ತಗೊ."

ಅಂಗಳದಲ್ಲಿ ಕೇಳಿದ ಆ ಒಡಕು ದನಿ ಅದಾಗಿರಲಿಲ್ಲ. ಅಥವಾ ಅದೇ ಆಗಿತ್ತು, ಆದರೆ ನಡುವಿನ ಗಾಳಿಯನ್ನೆಲ್ಲ ಕಳೆದು, ನನ್ನೊಳಗಿನಿಂದಲೇ ಯಾರೋ ಹೇಳಿದಂತಿತ್ತು. ನನಗೂ ಪದಗಳು ಬಿದ್ದಿದ್ದವು, ಅವ್ವ ಊಟಕ್ಕೆ ಕರೆದದ್ದು, ಅಕ್ಕ ಹಬ್ಬಕ್ಕೆ ಕರೆದದ್ದು. ಅವೆಲ್ಲ ಬಾ ಎನ್ನುವವು. ನನ್ನ ಹೆಸರನ್ನು ಇಷ್ಟು ಜೋಪಾನವಾಗಿ ಎತ್ತಿ, ಅದರ ಪಕ್ಕದಲ್ಲಿ ನನ್ನದನ್ನು ನನಗೇ ಇಟ್ಟು ಹೋದವರು ಯಾರೂ ಇರಲಿಲ್ಲ. ತಲೆ ಎತ್ತಿದಾಗ ನಮ್ಮವರು ನನ್ನನ್ನೇ ನೋಡುತ್ತಿದ್ದರು.

"ನಿನಗೂ ಬಂತೇನ?"

ಹೌದೆಂದು ತಲೆಯಾಡಿಸಿದೆ.

"ಏನಂದ್ಳು?"

ನಾನು ಹೇಳಲಿಲ್ಲ. ಇವತ್ತಿಗೂ ಅವರಿಗೆ ಹೇಳಿಲ್ಲ.

ಆಮೇಲೆ ಲೀಲವ್ವ ಕಡವಿನ ಮೆಟ್ಟಿಲಿಗೆ ಬಂದು ಕೂರುವುದನ್ನು ಬಿಟ್ಟಳೆಂದು ಅಂಬಿಗ ಹೇಳಿದ. ತಮ್ಮನ ಊರಿಗೆ ಹೋದಳಂತೆ. ನಮ್ಮ ಹಿತ್ತಿಲಲ್ಲಿ ಚುರುಮುರಿ ಸೀಯುವುದು ನಿಂತಿತು. ದೀಪ ಹಚ್ಚುವ ಹೊತ್ತಿಗೆ ಅವರು ಈಗಲೂ ಒಮ್ಮೆ ಕೈ ನಿಧಾನಿಸುತ್ತಾರೆ, ಏನೂ ಬರುವುದಿಲ್ಲ, ಮತ್ತೆ ಜರಡಿ ಆಡಿಸುತ್ತಾರೆ. ನನ್ನ ಹೊಟ್ಟೆಕಿಚ್ಚು ಆರಿತೆಂದು ನೀವು ತಿಳಿದಿದ್ದರೆ, ಅದು ಸುಳ್ಳು. ಮೊದಲು ಅವಳ ಮೇಲಿದ್ದದ್ದು ಈಗ ಅವರ ಮೇಲೆ ತಿರುಗಿದೆ. ಅವರು ಎಷ್ಟು ಸಂಜೆಗಳು ಆ ದನಿಯನ್ನು ಕೇಳಿದರು! ದಿನಕ್ಕೊಂದು ಹೊಸದು. ನನಗೆ ಸಿಕ್ಕದ್ದು ಒಂದೇ. ಕೆಲವು ದಿನ ತಡೆಯಲಾರದೆ, "ಆಕೀದು ಒಂದರ ಹೇಳ್ರಿ," ಎಂದು ಪಕ್ಕದಲ್ಲಿ ಹೋಗಿ ಕೂರುತ್ತೇನೆ. ಅವರು ಹೇಳುತ್ತಾರೆ. ಗೊಗ್ಗರು ದನಿಯಲ್ಲಿ, ಗಣ ತಪ್ಪಿಸಿ, ಮೂರನೆಯ ಸಾಲನ್ನು ಅರ್ಧ ಮರೆತು ಹೇಳುತ್ತಾರೆ. ನಾನು ಕೇಳುತ್ತೇನೆ, ಪದವೇನೋ ನನಗೂ ಬರುತ್ತದೆ. ಆ ದನಿ ಮಾತ್ರ ಅವರ ಕಿವಿಯಲ್ಲೇ ಉಳಿದುಬಿಟ್ಟಿದೆ.